ನಿಡ್ಲೆಯ ಜ್ವರ ಮತ್ತು ಎತ್ತದೆ ಬಿಟ್ಟ ಚೀಟಿ

1982ರ ಕೊನೆಯ ಹೊತ್ತಿಗೆ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ ಕಡೆಯ ಕಾಡುಗಳಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದರ ಬೆನ್ನಿಗೇ ಮನುಷ್ಯರಿಗೂ ಜ್ವರ ಹತ್ತಿಕೊಂಡಿತು. ಗೇರು ತೋಟಕ್ಕೆಂದು ದೊಡ್ಡ ಕಾಡನ್ನು ಬೋಳಿಸಿದ ಜಾಗವದು. ಮರ ಕಡಿಯಲು ಹೋದ ಕೂಲಿಯವರು, ಸೌದೆಗೆ, ಹಟ್ಟಿಗೆ ಹಾಸುವ ಸೊಪ್ಪಿಗೆ ಗುಡ್ಡ ಹತ್ತಿದವರು ಹಾಸಿಗೆ ಹಿಡಿದರು. ತಲೆ ಸಿಡಿಯುವಂಥ ನೋವು, ಸೊಂಟ ಮೀನಖಂಡಗಳ ಸೆಳೆತ, ಕೆಂಡದಂಥ ಕಣ್ಣು, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ್ದ ಮಂಗನ ಕಾಯಿಲೆ, ಉಣ್ಣಿಗಳ ಮೂಲಕ ಘಟ್ಟದ ಬುಡದಲ್ಲೂ ಹಬ್ಬಿತ್ತು. 1983ರ ಮಳೆಗಾಲ ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಿಲೆ ತಗುಲಿತು, ಸತ್ತವರ ಸಂಖ್ಯೆ ನೂರು ದಾಟಿತು. ಈ ರೋಗದ ಇತಿಹಾಸದಲ್ಲೇ ಅತಿ ಭೀಕರವಾದ ವರ್ಷಗಳಲ್ಲಿ ಅದೂ ಒಂದು.

ಇದಕ್ಕೆ ನಿರ್ದಿಷ್ಟ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ಕಾಡಂಚಿನ ಊರುಗಳ ಆಸೆಯೆಲ್ಲ ಲಸಿಕೆಯ ಮೇಲೆ. 1950ರ ದಶಕದ ಕೊನೆಗೇ ಶಿವಮೊಗ್ಗ ಜಿಲ್ಲೆಯಲ್ಲಿ ರಷ್ಯಾದ ಉಣ್ಣಿಜ್ವರದ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಿ ನೋಡಿದ್ದರು. ಎರಡೂ ವೈರಸ್ಸುಗಳು ಹತ್ತಿರದ ಬಳಗದವಾದರೂ ಆ ಲಸಿಕೆ ಕಾಪಾಡಲಿಲ್ಲ. ಆಮೇಲೆ ಕೋಳಿಭ್ರೂಣದ ಜೀವಕೋಶಗಳಲ್ಲಿ ಈ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 1990ರಿಂದ 92ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಅದರ ದೊಡ್ಡ ಪರೀಕ್ಷೆ ನಡೆಯಿತು. ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಎಂಬ ಫಲಿತಾಂಶ ಹೊರಬಿತ್ತು. ಮುಂದಿನ ಇಪ್ಪತ್ತು ವರ್ಷ ಆರೋಗ್ಯ ಇಲಾಖೆ ನಡೆದದ್ದು ಈ ಅಂಕಿಗಳ ಭರವಸೆಯ ಮೇಲೆ.

ಆದರೆ ಆ ಅಂಕಿ ಬಂದ ದಾರಿಯನ್ನು ನೋಡಬೇಕು. ಹೋಲಿಸಿದ್ದು ಲಸಿಕೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರೊಂದಿಗೆ. ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಈ ಚುಚ್ಚುಮದ್ದು ವಿಪರೀತ ನೋಯುತ್ತಿತ್ತು, ತಿಂಗಳು ಬಿಟ್ಟು ಎರಡನೆಯದಕ್ಕೂ ಬರಬೇಕಿತ್ತು. ಎರಡು ಸಲವೂ ಕೈಯೊಡ್ಡಿದವರು ಮೊದಲೇ ಎಚ್ಚರದ ಜನ ಇರಬಹುದು. ಮಂಗ ಸತ್ತ ಸುದ್ದಿ ಕೇಳಿದರೆ ಕಾಡಿಗೆ ಕಾಲಿಡದವರು, ಮೈಗೆ ಉಣ್ಣಿ ತಡೆಯುವ ಎಣ್ಣೆ ಹಚ್ಚಿಕೊಂಡೇ ಹೊರಡುವವರು. ದಿನದ ಕೂಲಿ ಬಿಟ್ಟರೆ ಒಲೆ ಉರಿಯದವರು ಲಸಿಕೆಯನ್ನೂ ತಪ್ಪಿಸಿಕೊಂಡಿರಬಹುದು, ಉಣ್ಣಿಗೆ ಹೆಚ್ಚು ಮೈಯೊಡ್ಡಿಯೂ ಇರಬಹುದು. ಹಾಗಿದ್ದರೆ ಕಡಿಮೆಯಾದ ಜ್ವರದಲ್ಲಿ ಲಸಿಕೆಯ ಪಾಲೆಷ್ಟು, ಬದುಕಿನ ಸ್ಥಿತಿಗತಿಯ ಪಾಲೆಷ್ಟು ಎಂದು ಬಿಡಿಸುವುದು ಹೇಗೆ? 2005ರಿಂದ 2010ರವರೆಗಿನ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿದಾಗ ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ, ಎರಡು ಡೋಸಿನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಶೇ. 82.9 ಇತ್ತು. ಲಸಿಕೆಯೇ ಬರಬರುತ್ತ ದುರ್ಬಲವಾಯಿತೇ, ಅಥವಾ ಮೊದಲಿನಿಂದಲೂ ಅದರ ಶಕ್ತಿ ಇಷ್ಟೇ ಇತ್ತೇ? ಈ ಎರಡನೆಯ ಲೆಕ್ಕವೂ ಚೀಟಿ ಎತ್ತಿದ್ದಲ್ಲ. ಆದ್ದರಿಂದ ಈ ಪ್ರಶ್ನೆಗೆ ಇನ್ನು ಉತ್ತರ ಸಿಗದು. ಆ ಲಸಿಕೆಯ ಬಳಕೆ 2022ರಲ್ಲಿ ನಿಂತೇ ಹೋಯಿತು.

ಲಸಿಕೆಯ ಪರೀಕ್ಷೆ ನಡೆದ 1990ರ ಹೊತ್ತಿಗೆ ಚೀಟಿಯ ವಿಧಾನ ಹೊಸದೇನೂ ಆಗಿರಲಿಲ್ಲ. 1948ರಲ್ಲಿ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿ ಪ್ರಕಟವಾಗಿತ್ತು. ಬ್ರಾಡ್‌ಫರ್ಡ್ ಹಿಲ್ ರೂಪಿಸಿದ ಕ್ರಮದಲ್ಲಿ, ಯಾವ ಕ್ಷಯರೋಗಿಗೆ ಔಷಧಿ ಎಂಬುದು ಮುಚ್ಚಿದ ಲಕೋಟೆಯೊಳಗಿತ್ತು, ವೈದ್ಯರ ಕನಿಕರಕ್ಕೂ ಪೂರ್ವಗ್ರಹಕ್ಕೂ ಅಲ್ಲಿ ಜಾಗವಿರಲಿಲ್ಲ. ನಮ್ಮ ಪಕ್ಕದ ಮದರಾಸಿನಲ್ಲಿ 1956ರಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ 193 ಬಡ ರೋಗಿಗಳನ್ನು ಹೀಗೆಯೇ ಮನೆಗೂ ಸ್ಯಾನಟೋರಿಯಂಗೂ ಹಂಚಿತು. ಇಕ್ಕಟ್ಟಿನ ಮನೆಯಲ್ಲಿ ಸಾಧಾರಣ ಊಟ ಉಂಡು ಮಾತ್ರೆ ನುಂಗಿದವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾದರು, ಮನೆಮಂದಿಗೆ ಸೋಂಕೂ ಹೆಚ್ಚಲಿಲ್ಲ. ಹಾಸಿಗೆ, ಗಾಳಿ, ಪೌಷ್ಟಿಕ ಊಟವೇ ಮುಖ್ಯವೆಂದು ದಶಕಗಳಿಂದ ನಂಬಿದ್ದ ವೈದ್ಯಲೋಕ ಆ ಫಲಿತಾಂಶದ ಮುಂದೆ ಅಭಿಪ್ರಾಯ ಬದಲಿಸಿಕೊಂಡಿತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಬಾರದು. ನಿಡ್ಲೆಯಂಥ ಊರಿನಲ್ಲಿ ಹೆಣ ಬೀಳುತ್ತಿರುವಾಗ, ಅರ್ಧ ಜನರಿಗೆ ಲಸಿಕೆ ಕೊಟ್ಟು ಉಳಿದರ್ಧಕ್ಕೆ ಬರೀ ನೀರು ಚುಚ್ಚುವುದು ಯಾವ ಧರ್ಮ? ಲಸಿಕೆ ಕಾಪಾಡುತ್ತದೆ ಎಂಬುದು ಖಚಿತವಾಗಿದ್ದರೆ ಅದು ಅಧರ್ಮವೇ. ಖಚಿತವಿಲ್ಲದ ಕಾರಣಕ್ಕೇ ಪರೀಕ್ಷೆ. ಎಲ್ಲರಿಗೂ ಒಂದೇ ದಿನ ಕೊಡುವಷ್ಟು ಲಸಿಕೆಯೂ ಸಿಬ್ಬಂದಿಯೂ ಇಲ್ಲದಾಗ ಯಾರೋ ಕೆಲವರು ಹೇಗೂ ಕಾಯಬೇಕಾಗುತ್ತದೆ. ಆ ಸರದಿಯನ್ನು ಪ್ರಭಾವಿಗಳ ಮಾತಿಗೆ, ರಸ್ತೆಯ ಅನುಕೂಲಕ್ಕೆ ಬಿಡುವ ಬದಲು ಗ್ರಾಮಗಳ ಹೆಸರು ಬರೆದ ಚೀಟಿಗೆ ಬಿಟ್ಟರೆ ಹಂಚಿಕೆಯೂ ನ್ಯಾಯವಾಗುತ್ತದೆ, ಹೋಲಿಕೆಯೂ ಸಿಗುತ್ತದೆ, ಕೊನೆಗೆ ಲಸಿಕೆ ಯಾರಿಗೂ ತಪ್ಪುವುದಿಲ್ಲ. ಬಡವರನ್ನು ಪ್ರಯೋಗದ ಪ್ರಾಣಿಗಳಾಗಿ ಮಾಡುತ್ತೀರಿ ಎನ್ನುವವರು ಇನ್ನೊಂದನ್ನು ಯೋಚಿಸಬೇಕು: ಶಕ್ತಿ ಗೊತ್ತಿಲ್ಲದ ಲಸಿಕೆಯನ್ನು ವರ್ಷಗಟ್ಟಲೆ ಸಾವಿರಾರು ತೋಳುಗಳಿಗೆ ಚುಚ್ಚಿದ್ದೂ ಪ್ರಯೋಗವೇ. ಅದಕ್ಕೆ ಸರಿಯಾದ ಲೆಕ್ಕವಿರಲಿಲ್ಲ, ಅಷ್ಟೇ.

ಚೀಟಿ ಸಲ್ಲದ ಕಡೆಯೂ ಇದೆ, ಅದೂ ಇದೇ ಗುಡ್ಡಗಳಲ್ಲಿ. ಇದೇ ತಾಲೂಕಿನ ಕೊಕ್ಕಡದ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ವಿಷವನ್ನು ಯಾರ ಮೇಲೂ ಚೀಟಿ ಎತ್ತಿ ಸುರಿದು ನೋಡುವಂತಿಲ್ಲ. ಕಾಸರಗೋಡಿನ ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಂಥವೇ ಅಲ್ಲಿಗೆ ತಕ್ಕ ಸಾಕ್ಷ್ಯ. ಚೀಟಿ ಎತ್ತಿದ ಪರೀಕ್ಷೆ ಇಲ್ಲ ಎಂಬ ನೆಪದಲ್ಲಿ ಕೊಕ್ಕಡದ ಮಕ್ಕಳ ನೋವನ್ನು ಅನುಮಾನಿಸುವುದು ಅನ್ಯಾಯ.

ಮಂಗನ ಕಾಯಿಲೆಗೆ ಈಗ ಹೊಸ ಲಸಿಕೆ ತಯಾರಾಗುತ್ತಿದೆ. ಅದು ಈ ಊರುಗಳಿಗೆ ಬಂದಾಗ ಒಪ್ಪಿಗೆಪತ್ರ ಕನ್ನಡದಲ್ಲಿದ್ದರೆ ಸಾಲದು, ಮಲೆಕುಡಿಯರ ಮನೆಯಂಗಳದಲ್ಲಿ ಕೂತು ತುಳುವಿನಲ್ಲಿ ವಿವರಿಸಬೇಕು, ಬೇಡ ಎನ್ನಲು ಬಿಡುವು ಕೊಡಬೇಕು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎಂದು 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಅದನ್ನು ಆಶಾ ಕಾರ್ಯಕರ್ತೆಗೂ ಪಂಚಾಯತಿಗೂ ಮೊದಲೇ ತಿಳಿಸಿರಬೇಕು. ಉಣ್ಣಿಯ ಕಾಲ ಡಿಸೆಂಬರಿಗೆ ಶುರು, ಆದ್ದರಿಂದ ಗ್ರಾಮಗಳ ಚೀಟಿ ಎತ್ತುವ ಕೆಲಸ ಮಳೆ ನಿಲ್ಲುವ ಮೊದಲೇ, ಊರವರ ಕಣ್ಣೆದುರೇ ಮುಗಿಯಬೇಕು.