ಶೆಗಡಿ, ಅಗ್ಗಿಷ್ಟಿಕೆ, ಮಿಕ್ಸರು: ವಲಸೆಮನೆಯ ಉಪಕರಣನಾಮಗಳು

ಒಂದು ಜನದ ಚರಿತ್ರೆಯನ್ನು ಶಾಸನಗಳಲ್ಲಿ ಅರಸುವಂತೆಯೇ ಅಡುಗೆಮನೆಯ ಮಾತಿನಲ್ಲಿಯೂ ಅರಸಬಹುದು. ಅದಕ್ಕೆ ಉಲ್ಹಾಸನಗರವು ತಕ್ಕ ಕ್ಷೇತ್ರ. ಎರಡನೆಯ ಮಹಾಯುದ್ಧಕಾಲದಲ್ಲಿ ಕಲ್ಯಾಣದ ಬಳಿ ಇದ್ದ ಸೈನಿಕ ಶಿಬಿರದಲ್ಲಿ 1947ರ ದೇಶವಿಭಜನೆಯ ತರುವಾಯ ಸಿಂಧಿ ನಿರಾಶ್ರಿತರು ನೆಲೆಸಿದರು. 1949ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಸಿಂಧಿ, ಮರಾಠಿ, ಹಿಂದಿಗಳ ನಡುವೆ ಬಾಳುವ ಇಲ್ಲಿಯ ಕನ್ನಡಿಗರ ಮನೆಯಲ್ಲಿ ‘ಶೆಗಡಿ’ ಎಂಬ ಮಾತು ಕೇಳಿದೊಡನೆ, ಅದು ವಲಸೆ ಬಂದ ಮೇಲೆ ಕಲಿತ ಮರಾಠಿ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಈ ತೀರ್ಮಾನವು ಅವಸರದ್ದು. ಧಾರವಾಡ, ಬೆಳಗಾವಿ, ವಿಜಾಪುರಗಳು 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತದಲ್ಲಿದ್ದವು. ಆ ಸೀಮೆಯವರಿಗೆ ಶೆಗಡಿಯು ಊರಿನಿಂದಲೇ ಬಂದ ಮಾತು. ಮೈಸೂರು ಸೀಮೆಯವರಿಗೆ ಅದೇ ಕೆಂಡದೊಲೆಯು ಅಗ್ಗಿಷ್ಟಿಕೆ. ಒಬ್ಬರಿಗೆ ತವರಿನ ಮಾತಾದುದು ಇನ್ನೊಬ್ಬರಿಗೆ ಹೊಸದು. ಇನ್ನು, ಕೊಡುಕೊಳೆಯು ಏಕಮುಖವಾದುದೂ ಅಲ್ಲ: ಮರಾಠಿಯ ‘ಅಡಕಿತ್ತಾ’ ನಮ್ಮ ಅಡಕತ್ತರಿಯ ಬಂಧುವೇ.

ಕಲ್ಲುಗಳ ವಿಷಯದಲ್ಲಿ ಭೇದವು ಇನ್ನೂ ಸೂಕ್ಷ್ಮವಾದುದು. ಮೈಸೂರಿನವರು ಒರಳಿನಲ್ಲಿ ರುಬ್ಬಿದರು. ಉತ್ತರದವರು ಅದನ್ನು ಒಳಕಲ್ಲು ಎಂದರು. ದಕ್ಷಿಣ ಕನ್ನಡದವರಿಗೆ ಅದು ಕಡೆಯುವ ಕಲ್ಲು. ಆದರೆ ಮೈಸೂರಿನಲ್ಲಿ ‘ಕಡೆ’ಯುವುದು ಮೊಸರನ್ನು! ಹಿಟ್ಟಿಗೆ ಬೀಸುವುದು, ಭತ್ತಕ್ಕೆ ಕುಟ್ಟುವುದು, ಗಂಧಕ್ಕೆ ತೇಯುವುದು: ಕೆಲಸಕ್ಕೊಂದು ಕ್ರಿಯಾಪದವಿದ್ದಿತು.

ವಿದ್ಯುದ್ಯಂತ್ರವು ಬಂದಾಗ ಕಲ್ಲುಗಳು ಮೂಲೆ ಸೇರಿದವು. ಅದನ್ನು ಊರಿನವರು ‘ಮಿಕ್ಸಿ’ ಎಂದರೆ, ಮುಂಬಯಿಯ ರೂಢಿಯಂತೆ ಇಲ್ಲಿಯವರು ‘ಮಿಕ್ಸರು’ ಎನ್ನುತ್ತಾರೆ. ಹೆಸರು ಬದಲಾದುದರಿಂದ ಹಾನಿಯಿಲ್ಲ. ಆದರೆ ರುಬ್ಬುವುದು, ಅರೆಯುವುದು, ಕಡೆಯುವುದು ಎಲ್ಲವೂ ‘ಮಿಕ್ಸರಿಗೆ ಹಾಕುವುದು’ ಎಂಬ ಒಂದೇ ಮಾತಿನಲ್ಲಿ ಅಡಗಿಹೋದರೆ, ಮನೆತನದ ಮೂಲಸೀಮೆಯನ್ನು ತೋರುವ ಗುರುತೇ ಅಳಿದಂತೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವಾಗಲಿ, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ ವಲಸೆಮನೆಗಳ ಮಾತನ್ನು ಸಂಗ್ರಹಿಸಲು ಹೊರಟವುಗಳಲ್ಲ. ಆ ಹೊಣೆ ನಮ್ಮದು. ಠಾಣೆ, ಡೊಂಬಿವಲಿ, ಕಲ್ಯಾಣಗಳ ಸಹೃದಯರು ತಮ್ಮ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಲಿ: ಯಾವ ಊರಿನವರು? ಯಾವ ಕಲ್ಲು? ಅದರಲ್ಲಿ ಏನು ಮಾಡುತ್ತಿದ್ದಿರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಅವರು ನುಡಿದಂತೆಯೇ, ತಿದ್ದದೆ ಬರೆದಿಡಬೇಕು. ಕಲ್ಲನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಕ್ರಿಯಾಪದಕ್ಕೆ ಆಡುವ ನಾಲಗೆಯೇ ನೆಲೆ.