ಬಾಗ್ಲ ಮುಂದಿನ ಬೀದಿ ಯಾರದು?

ನಮ್ಮ ಸೋಲದೇವನಹಳ್ಳಿ ಕಡೆ ಬೀದಿ ಜಗಳ ಅಂದ್ರೆ ಈಗ ಎರಡೇ. ಒಂದು ನೀರಿಂದು, ಇನ್ನೊಂದು ಗಾಡಿ ನಿಲ್ಸೋದು. ನೀರಿನ ಜಗಳ ಬೇಸಿಗೇಲಿ ಬಂದು ಮಳೆಗಾಲಕ್ಕೆ ಹೋಗುತ್ತೆ. ಗಾಡಿ ಜಗಳಕ್ಕೆ ಕಾಲ ಅನ್ನೋದೇ ಇಲ್ಲ. "ನಮ್ಮನೆ ಮುಂದೆ ಯಾಕ್ರೀ ನಿಲ್ಸಿದ್ದೀರ?" ಅಂತ ಒಬ್ರು, "ರೋಡು ನಿಮ್ಮಪ್ಪಂದಾ?" ಅಂತ ಇನ್ನೊಬ್ರು. ಹಬ್ಬಕ್ಕೆ ಕೋಸಂಬರಿ ಬದಲಾಯಿಸಿಕೊಳ್ತಿದ್ದ ಮನೆಗಳು ವರ್ಷಗಟ್ಲೆ ಮಾತು ಬಿಟ್ಟಿರ್ತವೆ.

ಈ ಪ್ರಶ್ನೆ ಹೊಸದಲ್ಲ ಕಣ್ರಮ್ಮ. ಬಾಗ್ಲ ಮುಂದಿನ ಜಾಗ ಯಾರದು, ಅದನ್ನ ತೀರ್ಮಾನ ಮಾಡೋರು ಯಾರು ಅನ್ನೋದು ಊರು ಹುಟ್ಟಿದಾಗಿಂದ ಇರೋ ಪ್ರಶ್ನೆ. ಒಂದೊಂದು ಕಾಲದಲ್ಲಿ ಒಬ್ಬೊಬ್ರು ಉತ್ತರ ಹೇಳಿದ್ದಾರೆ. ಆ ಕಥೇನ ಸ್ವಲ್ಪ ಹಿಂದಿಂದ ನೋಡ್ಕೊಂಡು ಬರೋಣ.

ಗಾಡಿಗೆ ಹಿತ್ಲು, ಬೀದಿ ಊರಿಗೆ

ಹಳ್ಳೀಲಿ ಗಾಡಿ ಇರ್ಲಿಲ್ವಾ? ಇತ್ತು. ಉಳ್ಳೋರ ಮನೇಲೆಲ್ಲ ಎತ್ತಿನ ಗಾಡಿ. ಅದನ್ನ ತಂದು ತಲಬಾಗ್ಲಿಗೆ ಅಡ್ಡ ನಿಲ್ಸೋ ರೂಢಿ ಇರ್ಲಿಲ್ಲ. ಎತ್ತು ಬಿಚ್ಚಿ ಕೊಟ್ಟಿಗೇಲಿ ಕಟ್ಟಿ, ಮೂಕಿ ನೆಲಕ್ಕೂರಿ, ಗಾಡೀನ ಹಿತ್ಲಲ್ಲೋ ಕಣದ ಮಗ್ಗುಲಲ್ಲೋ ಬಿಡ್ತಿದ್ರು. ಬೀದೀಲಿ ಬೇರೆ ಕೆಲ್ಸ ಇತ್ತು. ಬೆಳಿಗ್ಗೆ ಸಗಣಿ ನೀರು ಚಿಮುಕಿಸಿ ರಂಗೋಲಿ, ಬಿಸಿಲಿಗೆ ಹಪ್ಪಳ ಸಂಡಿಗೆ, ಸಾಯಂಕಾಲ ಜಗಲಿ ಮೇಲೆ ಮಾತು. ಊರಬ್ಬದ ದಿನ ಹೆಣ್ಮಕ್ಳು ತಂಬಿಟ್ಟಿನಾರತಿ ಹೊತ್ಕೊಂಡು ಮಾರಮ್ಮನ ಗುಡಿಗೆ ಸಾಲಾಗಿ ಹೋಗ್ತಿದ್ದದ್ದು ಅದೇ ಬೀದೀಲಿ. ತೇರು ಇರೋ ಊರಲ್ಲಂತೂ ತೇರು ತಿರುಗೋ ಅಷ್ಟು ಬೀದಿ ಬಿಟ್ಟೇ ಮನೆ ಕಟ್ಬೇಕು. ಅದನ್ನ ಒತ್ತುವರಿ ಮಾಡ್ದೋನು ಊರಿಗೂ ದೇವ್ರಿಗೂ ಉತ್ತರ ಹೇಳ್ಬೇಕು.

ತಕರಾರು ಬಂದ್ರೆ ಅರಳಿಕಟ್ಟೆ. ಗೌಡ್ರು, ಶಾನುಭೋಗ್ರು, ನಾಲ್ಕು ಜನ ಹಿರೀಕರು ಕೂತು ಹೇಳಿದ್ದೇ ತೀರ್ಪು. 1961ರ ಕಾಯ್ದೇಲಿ ವಂಶಪಾರಂಪರ್ಯದ ಗೌಡಿಕೆ, ಶಾನುಭೋಗಿಕೆ ಎಲ್ಲ ರದ್ದಾಯ್ತು. ಕಟ್ಟೆ ತೀರ್ಪು ಬೇಗ ಆಗ್ತಿತ್ತು ನಿಜ. ಆದ್ರೆ ಆ ಕಟ್ಟೆ ಮೇಲೆ ನಮ್ಮ ಅಜ್ಜಿ ಮುತ್ತಜ್ಜೀರು ಕೂತಿದ್ದಿಲ್ಲ. ದಿನಾ ಬೀದಿ ಗುಡ್ಸಿ, ಸಾರ್ಸಿ, ರಂಗೋಲಿ ಹಾಕ್ತಿದ್ದೋರು ಅವ್ರು. ಬೀದಿ ಬಗ್ಗೆ ತೀರ್ಪು ಕೊಡ್ತಿದ್ದೋರು ಬೇರೆ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪೇಟೆ, ದಂಡು, ಎರಡು ಬೋರ್ಡು

ಬೆಂಗಳೂರು ಕಟ್ಟಿದ ಕೆಂಪೇಗೌಡ್ರು ನಮ್ಮ ಪಕ್ಕದ ಯಲಹಂಕ ನಾಡಿನ ಪ್ರಭುಗಳು. 1537ರಲ್ಲಿ ಕೋಟೆ ಕಟ್ಟಿಸಿ ಪೇಟೆ ಮಾಡಿದ್ರು. ದೊಡ್ಡಪೇಟೆ, ಚಿಕ್ಕಪೇಟೆ ಕೂಡೋ ಕಡೆ ನಿಂತು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ, ಆ ಸಾಲನ್ನೇ ಬೀದಿ ಮಾಡಿದ್ರು ಅಂತ ಜನ ಕಥೆ ಹೇಳ್ತಾರೆ. ಆ ದೊಡ್ಡಪೇಟೇನೇ ಈಗಿನ ಅವೆನ್ಯೂ ರಸ್ತೆ. ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಗಾಣಿಗರಪೇಟೆ ಅಂತ ಕಸುಬಿಗೊಂದು ಬೀದಿ. ಗಾಡಿ ಬರೋದು, ಸರಕು ಇಳಿಸೋದು, ಹೋಗೋದು. ದಿನವಿಡೀ ನಿಂತಿರೋ ಗಾಡಿಗೆ ಅಂತ ಆ ಬೀದಿಗಳನ್ನ ಅಳೆದಿರ್ಲಿಲ್ಲ. ಈಗ ಚಿಕ್ಕಪೇಟೆಗೆ ಸೀರೆಗೆ ಹೋದಾಗ ಸ್ಕೂಟರ್ ನಿಲ್ಸೋಕೆ ಅರ್ಧ ಗಂಟೆ ಸುತ್ತೋದು ಅದಕ್ಕೇ.

1809ರಲ್ಲಿ ಇಂಗ್ಲಿಷ್‌ನೋರು ಹಲಸೂರು ಕಡೆ ದಂಡು ಕಟ್ಟಿದ್ರು. ಅಲ್ಲಿಂದ ಒಂದೂರು ಎರಡೂರಾಯ್ತು. ಈ ಕಡೆ ಪೇಟೆ, ಆ ಕಡೆ ಕಂಟೋನ್ಮೆಂಟು. 1862ರಲ್ಲಿ ಎರಡಕ್ಕೂ ಬೇರೆಬೇರೆ ಮುನಿಸಿಪಲ್ ಬೋರ್ಡು ಬಂತು. ಚರಂಡಿ, ದೀಪ, ಕಸ, ರಸ್ತೆ ಎಲ್ಲಾ ಬೋರ್ಡಿನ ಪಾಲಿಗೆ. ಕಟ್ಟೆ ಮಾತು ಹೋಗಿ ಕಾಗದದ ಮಾತು ಶುರುವಾಗಿದ್ದು ಅಲ್ಲಿಂದ. 1898ರಲ್ಲಿ ಪ್ಲೇಗ್ ಬಂದು ಪೇಟೆ ಜನ ಸತ್ತಾಗ, ಗಾಳಿ ಬೆಳಕು ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನ ಬೆಳೆಸಿದ್ರು. ಅಗಲವಾದ ರಸ್ತೆ, ಮನೆ ಹಿಂದೆ ಕಸ ಸಾಗಿಸೋಕೆ ಒಂದು ಗಲ್ಲಿ. ಜಾಡಮಾಲಿ ಗಾಡಿಗೆ ಅಂತ ಬಿಟ್ಟ ಆ ಗಲ್ಲಿಗಳಲ್ಲೂ ಈಗ ಕಾರು ನಿಂತಿರ್ತವೆ.

ಸ್ವಾತಂತ್ರ್ಯ ಬಂದ್ಮೇಲೆ 1949ರಲ್ಲಿ ಪೇಟೆ, ದಂಡು ಎರಡನ್ನೂ ಸೇರ್ಸಿ ಒಂದೇ ಕಾರ್ಪೊರೇಷನ್ ಮಾಡಿದ್ರು. ಕಾಗದದಲ್ಲಿ ಒಂದೂರಾಯ್ತು. ಆದ್ರೂ ನಮ್ಮ ಹಿರೀಕರು "ದಂಡಿಗೆ ಹೋಗ್ಬಂದೆ", "ಪ್ಯಾಟೆಗೆ ಹೋಗ್ಬಂದೆ" ಅಂತ ಬೇರೆಬೇರೆಯಾಗೇ ಹೇಳ್ತಿದ್ರು.

ನಮ್ಮೂರ ನೀರು, ಅವರೂರ ಬಸ್ ಸ್ಟ್ಯಾಂಡು

ಈ ಕಥೇಲಿ ಸೋಲದೇವನಹಳ್ಳಿಗೂ ಒಂದು ಪಾತ್ರ ಐತೆ, ನಮ್ಮ ಮಕ್ಕಳಿಗೆ ಹೇಳ್ಬೇಕಾದ್ದು. ಮೊದಲು ಬೆಂಗಳೂರಿನೋರು ಧರ್ಮಾಂಬುಧಿ, ಸಂಪಂಗಿ, ಹಲಸೂರು ಅಂತ ಕೆರೆ ನೀರನ್ನೇ ನಂಬಿದ್ರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ಹೊಳೆಯ ಹೆಸರಘಟ್ಟ ಕೆರೆಯಿಂದ ನೀರು ತರೋ ಯೋಜನೆ ಆಯ್ತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರು. ಹೆಸರಘಟ್ಟದಿಂದ ಇಟ್ಟಿಗೆ ಕಾಲುವೇಲಿ ತಾನಾಗೇ ಹರಿದು ನೀರು ಸೋಲದೇವನಹಳ್ಳಿಗೆ ಬರ್ತಿತ್ತು. ಇಲ್ಲಿನ ಪಂಪ್‌ಹೌಸಿಂದ ಅದನ್ನ ಮೇಲಕ್ಕೆತ್ತಿ ಮಲ್ಲೇಶ್ವರದ ಜ್ಯೂವೆಲ್ ಫಿಲ್ಟರ್ಸಿಗೆ ಕಳಿಸ್ತಿದ್ರು. ಅಂದ್ರೆ ಪಟ್ಟಣದೋರ ಮನೆ ನಲ್ಲಿ ನೀರು ನಮ್ಮೂರು ದಾಟಿ ಹೋಗಿದ್ದು.

ನಲ್ಲಿ ನೀರು ಬಂದ್ಮೇಲೆ ಊರೊಳಗಿನ ಕೆರೆ ಯಾರಿಗೆ ಬೇಕು? ಲಕ್ಷ್ಯ ಕಮ್ಮಿಯಾಯ್ತು, ಕೆರೆ ಬತ್ತಿದ್ವು. ಧರ್ಮಾಂಬುಧಿ ಕೆರೆ ಅಂಗಳದಲ್ಲೇ ಈಗಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು. ಸಂಪಂಗಿ ಕೆರೇಲಿ ಕಂಠೀರವ ಕ್ರೀಡಾಂಗಣ. ನಮ್ಮ ಕಡೆ ಕೆರೆ ನೀರು ಅಲ್ಲಿಗೆ ಹೋಯ್ತು, ಅಲ್ಲಿನ ಕೆರೆ ಜಾಗಕ್ಕೆ ಗಾಡಿ ಬಂದು ನಿಂತ್ವು. ಗಾಡಿ ನಿಲ್ಸೋಕೆ ಊರು ಏನನ್ನ ಬಿಟ್ಕೊಡುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಬಸ್ಸಾದ್ರೂ ಸಾವಿರಾರು ಜನಕ್ಕೆ ಆಗುತ್ತೆ. ಮನೆ ಮುಂದೆ ಬಟ್ಟೆ ಹೊದ್ದು ವಾರಗಟ್ಲೆ ನಿಲ್ಲೋ ಕಾರು ಯಾರಿಗಾಗುತ್ತೆ?

ಇಪ್ಪತ್ತಡಿ ರೋಡಿನ ಲೆಕ್ಕ

2007ರಲ್ಲಿ ಬಿಬಿಎಂಪಿ ಆಯ್ತು. ಹಳೇ ಪಾಲಿಕೆ ಜೊತೆಗೆ ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ ಮುಂತಾದ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಮೇಲ್ಪಟ್ಟು ಹಳ್ಳಿಗಳನ್ನ ಸೇರ್ಸಿದ್ರು. ನಮ್ಮ ಸುತ್ತ ನೋಡಿ, ದಾಸರಹಳ್ಳಿ ಪಾಲಿಕೆ, ಚಿಕ್ಕಬಾಣಾವರ ಪುರಸಭೆ, ಇನ್ನೂ ಆಚೆಗೆ ಹೋದ್ರೆ ಗ್ರಾಮ ಪಂಚಾಯ್ತಿ. ಒಂದೇ ಹೆಸರಘಟ್ಟ ರೋಡಲ್ಲಿ ಬೋರ್ಡು ಬದಲಾಗ್ತಾ ಹೋಗುತ್ತೆ. ರಾಗಿ ಹೊಲ ಮೂವತ್ತು-ನಲವತ್ತು ಸೈಟಾಯ್ತು. ಕಾಲೇಜು ಬಂತು, ಪಿಜಿ ಬಂತು, ಒಂದು ಮನೆ ಇದ್ದ ಕಡೆ ನಾಲ್ಕು ಬಾಡಿಗೆ ಮನೆ ಬಂತು. ರೋಡು ಮಾತ್ರ ಅವತ್ತು ಎಳೆದ ಇಪ್ಪತ್ತಡಿಯೇ.

ಅಡುಗೆಮನೆ ಲೆಕ್ಕದಂಗೆ ಇದನ್ನೂ ಹಾಕಿ ನೋಡೋಣ. ಒಂದು ಕಾರು ಹತ್ತಿರ ಹತ್ತಿರ ಆರಡಿ ಅಗಲ. ಎರಡೂ ಕಡೆ ನಿಲ್ಸಿದ್ರೆ ಹನ್ನೆರಡಡಿ ಹೋಯ್ತು. ಉಳಿದದ್ದು ಎಂಟಡಿ. ನೀರಿನ ಟ್ಯಾಂಕರ್ ಆ ಎಂಟಡೀಲಿ ಕನ್ನಡಿ ಮಡಚಿಕೊಂಡು ನುಗ್ಗಬೇಕು. ಆಂಬುಲೆನ್ಸ್ ಬಂದ ದಿನ ಎದುರಿಗೊಂದು ಆಟೋ ಬಂದ್ರೆ ಮುಗೀತು. ಇನ್ನು ಸೈಟಿನ ಮೂವತ್ತಡಿ ಮುಖದಲ್ಲಿ ಗೇಟಿಗೆ ಹತ್ತಡಿ ಬಿಟ್ರೆ ಇಪ್ಪತ್ತಡಿ ಉಳೀತು. ಅಲ್ಲಿ ನಿಲ್ಲೋದು ಒಂದು ಕಾರು, ಒಂದೆರಡು ಸ್ಕೂಟರು. ಮನೆ ನಾಲ್ಕಾದ್ರೆ ಉಳಿದ ಮೂರು ಕಾರು ಎಲ್ಲಿ? ಪಕ್ಕದ ಮನೆ ಮುಂದೆ! ಜಗಳ ಮನುಷ್ಯರ ಕೆಟ್ಟ ಬುದ್ಧಿಯಿಂದ ಮಾತ್ರ ಬರ್ತಿಲ್ಲ ಕಣ್ರಮ್ಮ, ಲೆಕ್ಕವೇ ತಪ್ಪಿದೆ. ಬೆಂಗಳೂರಲ್ಲಿ ವಾಹನಗಳು ಒಂದು ಕೋಟಿ ದಾಟಿ ಆಗಿದೆ.

ಇದಕ್ಕೆ ಸರ್ಕಾರ ಏನೂ ಯೋಚ್ನೆ ಮಾಡಿಲ್ಲ ಅನ್ನೋಂಗಿಲ್ಲ. 2021ರ ಫೆಬ್ರವರೀಲಿ ಪಾರ್ಕಿಂಗ್ ನೀತಿ 2.0 ಅಂತ ಒಪ್ಪಿದ್ರು. ಮನೆ ಮುಂದಿನ ರೋಡಲ್ಲಿ ನಿಲ್ಸೋಕೂ ಪರ್ಮಿಟ್ ತಗೋಬೇಕು, ಚಿಕ್ಕ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಗಾಡಿಗೆ 5,000 ರೂಪಾಯಿವರೆಗೆ ಅಂತ ಅದರಲ್ಲಿತ್ತು. ಪ್ರದೇಶಕ್ಕೊಂದು ಪಾರ್ಕಿಂಗ್ ಯೋಜನೆ ಮಾಡ್ಬೇಕು ಅಂತಾನೂ ಇತ್ತು. "ರೋಡ್ ಟ್ಯಾಕ್ಸ್ ಕಟ್ಟಿದ್ಮೇಲೆ ಇದೇನು ಮತ್ತೆ?" ಅಂತ ಜನ ಕೂಗಾಡಿದ್ರು. ಮನೆ ಮುಂದಿನ ಪರ್ಮಿಟ್ಟಿನ ಮಾತು ನಮ್ಮ ಬೀದಿಗಳವರೆಗೆ ಬರ್ಲೇ ಇಲ್ಲ. ಆದ್ರೆ ಅದರ ಹಿಂದಿನ ಮಾತು ಮಾತ್ರ ಯೋಚ್ನೆ ಮಾಡೋವಂಥದ್ದು. ಬೀದಿ ಎಲ್ಲರದು, ಅದರ ಒಂದು ತುಂಡನ್ನ ಒಬ್ರೇ ಇಟ್ಕೊಂಡ್ರೆ ಅದಕ್ಕೊಂದು ಬೆಲೆ ಇರುತ್ತೆ.

ಕಾನೂನು ಏನು ಹೇಳುತ್ತೆ ಅಂತಾನೂ ತಿಳ್ಕೊಂಡಿರಿ. ನಿಮ್ಮ ಗೇಟಿಗೆ ಅಡ್ಡ ಯಾರೂ ನಿಲ್ಸೋಂಗಿಲ್ಲ, ಅದು ನಿಯಮ. ಆದ್ರೆ ಗೇಟು ಬಿಟ್ಟು ಕಾಂಪೌಂಡಿನ ಉದ್ದಕ್ಕೂ ಇರೋ ರೋಡು ನಿಮ್ಮದಲ್ಲ. ನಾವೇ ಬರೆಸಿ ತಗುಲಿಹಾಕಿದ "ನೋ ಪಾರ್ಕಿಂಗ್" ಬೋರ್ಡಿಗೆ ಬೆಲೆ ಇಲ್ಲ. ಕಲ್ಲು, ಹೂಕುಂಡ, ಹಳೇ ಟೈರು ಇಟ್ಟು ಜಾಗ ಹಿಡಿಯೋದೂ ಒತ್ತುವರಿಯೇ.

ಮೂರು ಕುರ್ಚಿ

ಹಂಗಾದ್ರೆ ನಮ್ಮ ಬೀದೀಲಿ ಯಾವ ಕಡೆ ಗಾಡಿ, ಯಾವ ಕಡೆ ಜನ ಅಂತ ಹೇಳೋರು ಯಾರು? ಹಳೇ ಅರಳಿಕಟ್ಟೆಗೆ ಈಗಿನ ಹೆಸರು ವಾರ್ಡ್ ಸಮಿತಿ. 1992ರ ಸಂವಿಧಾನ ತಿದ್ದುಪಡೀಲಿ, ಮೂರು ಲಕ್ಷ ಮೇಲ್ಪಟ್ಟು ಜನ ಇರೋ ಪಟ್ಟಣಗಳಲ್ಲಿ ವಾರ್ಡ್ ಸಮಿತಿ ಇರ್ಬೇಕು ಅಂತ ಬರೆದ್ರು. ನಮ್ಮ ರಾಜ್ಯದ ಕಾಯ್ದೇಲಿ ಕಾರ್ಪೊರೇಟರ್ ಅಧ್ಯಕ್ಷತೇಲಿ ಹತ್ತು ಜನ ಸದಸ್ಯರು ಅಂತ ಮಾಡಿದ್ರು. ಅದರಲ್ಲಿ ಕಮ್ಮಿ ಅಂದ್ರೂ ಮೂರು ಜನ ಹೆಣ್ಮಕ್ಳು, ಇಬ್ರು ಪರಿಶಿಷ್ಟ ಜಾತಿ-ಪಂಗಡದೋರು, ಇಬ್ರು ನಿವಾಸಿಗಳ ಸಂಘದೋರು ಇರ್ಬೇಕು.

ಪಂಚಾಯ್ತೀಲಿ ಇದು ಇನ್ನೂ ಮುಂಚೆನೇ ಆಯ್ತು. 1983ರ ಕಾಯ್ದೇಲಿ ಹೆಣ್ಮಕ್ಳಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟು, 1987ರಲ್ಲಿ ಚುನಾವಣೆ ಮಾಡಿದ್ರು. ಈಗ ಅರ್ಧ ಮೀಸಲು. ಕಟ್ಟೆ ಹತ್ರ ಹೋಗೋಕೆ ತಲೆ ಮೇಲೆ ಸೆರಗು ಹೊದಿತಿದ್ದ ಮನೆಗಳಿಂದ ಅಧ್ಯಕ್ಷೆಯರು ಬಂದ್ರು.

ಪಟ್ಟಣದಲ್ಲಿ ಮಾತ್ರ ಗಾಡಿ ಕೆಟ್ಟು ನಿಂತಂಗಾಯ್ತು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು. ಆಮೇಲೆ ವರ್ಷದ ಮೇಲೆ ವರ್ಷ ಚುನಾವಣೆ ಇಲ್ದೇ ಅಧಿಕಾರಿಗಳೇ ಆಡಳಿತ ನಡೆಸಿದ್ರು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಒಂದು ಪಾಲಿಕೆ ಐದಾಯ್ತು. 1949ರಲ್ಲಿ ಎರಡನ್ನ ಒಂದು ಮಾಡಿದ್ರು, ಈಗ ಒಂದನ್ನ ಐದು ಮಾಡಿದ್ದಾರೆ. ಎಷ್ಟು ಮಾಡಿದ್ರೂ ನಮಗೆ ಬೇಕಾಗಿರೋದು ನಮ್ಮ ಬೀದಿ ಗೊತ್ತಿರೋ ಒಂದು ಸಭೆ.

ಊರಿನ ಗುರುತು ಯಾವುದು?

ನಮ್ಮೂರ ಹೆಸರಿನ ಬಗ್ಗೆ ದೊಡ್ಡ ಚರ್ಚೆ ಆಗಿತ್ತು. ಯು.ಆರ್. ಅನಂತಮೂರ್ತಿಯವರು ಹೇಳಿ, ಸುವರ್ಣ ಕರ್ನಾಟಕದ 2006ರಲ್ಲಿ ಸರ್ಕಾರ ಒಪ್ಪಿ, ಕೊನೆಗೆ 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಹೋಗಿ ಅಧಿಕೃತವಾಗಿ ಬೆಂಗಳೂರು ಆಯ್ತು. 2024ರಲ್ಲಿ ಅಂಗಡಿ ಬೋರ್ಡಲ್ಲಿ ಅರವತ್ತು ಭಾಗ ಕನ್ನಡ ಇರ್ಬೇಕು ಅಂತ ಕಾಯ್ದೆ ಬಂತು. ಎರಡೂ ಒಳ್ಳೇದೇ. ನಮ್ಮ ಭಾಷೆ ನಮ್ಮ ಬೀದೀಲಿ ಕಾಣ್ಬೇಕು.

ಆದ್ರೆ ಗುರುತು ಬೋರ್ಡಲ್ಲಿ ಮಾತ್ರ ಇರಲ್ಲ. ಪೇಟೇಲಿ ಕರಗದ ರಾತ್ರಿ ಗಾಡಿಗಳನ್ನೆಲ್ಲ ತೆಗೆಸಿ ಬೀದಿ ಬಿಡಿಸ್ತಾರಲ್ಲ, ಆ ಒಂದು ರಾತ್ರಿ ಊರು ಊರಂಗೆ ಕಾಣುತ್ತೆ. ಮಸ್ತಾನ್ ಸಾಹೇಬ್ರ ದರ್ಗಾ ಮುಂದೆ ಕರಗ ನಿಂತು ಹೋಗೋಕೆ ಜಾಗ ಬೇಕು. ನಮ್ಮ ಊರಬ್ಬದ ಆರತಿಗೂ ಜಾಗ ಬೇಕು. ಎರಡು ಸಾಲು ಕಾರಿನ ಕನ್ನಡಿಗಳ ಮಧ್ಯೆ ಆರತಿ ತಟ್ಟೆ ಅಡ್ಡ ಹಿಡ್ಕೊಂಡು ನುಸುಳೋ ಹುಡುಗೀರಿಗೆ ನಮ್ಮೂರು ಅಂದ್ರೆ ಏನು ಅಂತ ಯಾವ ಬೋರ್ಡು ಓದಿಸ್ತೀವಿ? ಬಾಗ್ಲಿಗೆ ರಂಗೋಲಿ ಹಾಕೋಕೆ ಜಾಗ ಇಲ್ದೇ ಮೆಟ್ಟಿಲ ಮೇಲೆ ಸ್ಟಿಕರ್ ಅಂಟಿಸಿದ ಮನೆಗಳು ಎಷ್ಟಾಗಿವೆ ಅಂತ ನಿಮ್ಮ ಬೀದೀಲೇ ಎಣಿಸಿ.

ಕಾರು ಇಟ್ಕೊಂಡೋರು ವೈರಿಗಳಲ್ಲ. ನಮ್ಮ ಮಕ್ಕಳೇ, ನಮ್ಮ ಅಳಿಯಂದ್ರೇ. ಬೇಕಾಗಿರೋದು ಕೂತು ಮಾತಾಡೋದು. ಕಿರಿದಾದ ರೋಡಲ್ಲಿ ಒಂದೇ ಕಡೆ ನಿಲ್ಲಿಸೋದು, ತಾರೀಕು ಸಮ ಬಂದ್ರೆ ಈ ಕಡೆ, ಬೆಸ ಬಂದ್ರೆ ಆ ಕಡೆ ಅನ್ನೋ ಪದ್ಧತಿ ಬೆಂಗಳೂರಿನ ಹಳೇ ರಸ್ತೆಗಳಿಗೆ ಹೊಸದಲ್ಲ. ತಿರುವಿನಲ್ಲಿ ನಿಲ್ಲಿಸದಂಗೆ ನೋಡ್ಕೊಂಡ್ರೆ ಆಂಬುಲೆನ್ಸ್, ಸ್ಕೂಲ್ ವ್ಯಾನ್ ತಿರುಗುತ್ತೆ. ಊರಬ್ಬದ ದಿನ ಬೀದಿ ಖಾಲಿ ಬಿಡ್ಬೇಕು ಅಂತ ಒಂದು ಒಪ್ಪಂದ. ಇಷ್ಟಕ್ಕೆ ಕೋಟಿ ರೂಪಾಯಿ ಬೇಡ.

ಪಾಲಿಕೆ ಚುನಾವಣೆ ಆಗಿ ವಾರ್ಡ್ ಸಮಿತಿ ಕೂರುವಾಗ, ಪಂಚಾಯ್ತಿ ಪುರಸಭೆ ಕಡೆಯೋರಿಗೆ ಗ್ರಾಮಸಭೆ ವಾರ್ಡ್ ಸಭೆ ಕರೆದಾಗ, ಗಂಡಸರನ್ನ ಕಳಿಸಿ ಸುಮ್ನಿರಬೇಡಿ. ಯಾವ ಹೊತ್ತಲ್ಲಿ ಟ್ಯಾಂಕರ್ ಬರುತ್ತೆ, ಯಾವ ಮನೇಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಮಕ್ಕಳು ಎಲ್ಲಿ ರೋಡು ದಾಟ್ತವೆ ಅನ್ನೋದು ಬೆಳಿಗ್ಗೆ ಬಾಗ್ಲು ಗುಡಿಸೋರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರಲ್ಲ. ಕಾಯ್ದೇಲಿ ನಮಗೆ ಅಂತ ಮೂರು ಕುರ್ಚಿ ಬರೆದಿಟ್ಟಿದ್ದಾರೆ. ನಾವು ಹೋಗಿ ಕೂರ್ಲಿಲ್ಲ ಅಂದ್ರೆ ಅಲ್ಲೂ ಯಾರಾದ್ರೂ ಗಾಡಿ ನಿಲ್ಸಿಬಿಡ್ತಾರೆ.