ಜೀಪು ಸರ್ಕಾರದ್ದು, ಜವಾಬ್ದಾರಿ ಯಾರದು?

2024ರ ಡಿಸೆಂಬರ್ 1, ಭಾನುವಾರ. ಹಾಸನದ ಹತ್ತಿರ ಕಿತ್ತಾನೆ ಬಳಿ ಪೊಲೀಸ್ ವಾಹನವೊಂದು ರಸ್ತೆ ಬಿಟ್ಟು ಹೋಗಿ ಮನೆಗೂ ಮರಕ್ಕೂ ಗುದ್ದಿತು. ಅದರಲ್ಲಿದ್ದವರು ಹರ್ಷ್ ಬರ್ಧನ್, ಕರ್ನಾಟಕ ಕೇಡರ್‌ನ 2023ರ ಬ್ಯಾಚಿನ ಐಪಿಎಸ್. ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ, ಹೊಳೆನರಸೀಪುರದ ಎಎಸ್‌ಪಿಯಾಗಿ ಮೊದಲ ಡ್ಯೂಟಿಗೆ ಹೊರಟಿದ್ದರು. ತಲೆಗೆ ಪೆಟ್ಟಾಗಿ ತೀರಿಕೊಂಡರು. ಟೈರ್ ಸಿಡಿಯಿತಂತೆ ಅಂತ ಸುದ್ದಿಯಾಯಿತು.

ಟೈರ್ ಸಿಡಿದದ್ದು ಕಾರಣ ಇರಬಹುದು, ಅದೇ ಉತ್ತರ ಅಲ್ಲ. ಆ ಟೈರ್ ಎಷ್ಟು ಓಡಿತ್ತು? ಕೊನೆಯ ಸಲ ಯಾರು ನೋಡಿದ್ದರು? ಸಂತಾಪದ ಹೊತ್ತಲ್ಲಿ ಹೀಗೆ ಕೇಳಿದರೆ ಒರಟು ಅನ್ನುತ್ತಾರೆ. ಕೇಳದೆ ಬಿಡುವುದೇ ಹೆಚ್ಚು ಒರಟು ಅಂತ ನನಗನ್ನಿಸುತ್ತೆ.

ಸರ್ಕಾರಿ ಗಾಡಿಯ ತಪ್ಪಿಗೆ ಸರ್ಕಾರವನ್ನು ಕೇಳಬಹುದು ಅನ್ನೋದೇ ನಮ್ಮಲ್ಲಿ ಜಗಳವಾಡಿ ಪಡೆದದ್ದು. 1952ರ ಫೆಬ್ರವರಿ. ಉದಯಪುರದ ಕಲೆಕ್ಟರ್ ಅವರ ಜೀಪು ರಿಪೇರಿ ಮುಗಿಸಿಕೊಂಡು ವಾಪಸ್ ಬರ್ತಿತ್ತು. ಡ್ರೈವರ್ ಫುಟ್‌ಪಾತ್ ಮೇಲೆ ಹೋಗುತ್ತಿದ್ದವನಿಗೆ ಗುದ್ದಿದ. ಆತ ಮೂರು ದಿನಕ್ಕೆ ಆಸ್ಪತ್ರೆಯಲ್ಲಿ ಸತ್ತ. ಹೆಂಡತಿ ವಿದ್ಯಾವತಿ, ಮೂರು ವರ್ಷದ ಮಗಳ ಜತೆ ಕೋರ್ಟಿಗೆ ಹೋದರು. ಜೀಪು ಇರೋದೇ ಕಲೆಕ್ಟರ್ ಕೆಲಸಕ್ಕೆ, ಅದು ಆಳುವವರ ಕೆಲಸ, ಹಾಗಾಗಿ ಪರಿಹಾರ ಕೊಡಬೇಕಾಗಿಲ್ಲ ಅಂತ ರಾಜಸ್ಥಾನ ಸರ್ಕಾರದ ವಾದ! 1861ರಲ್ಲಿ ಕಲ್ಕತ್ತಾದ ಕೋರ್ಟು ಕುದುರೆಗಾಡಿ ಕೇಸೊಂದರಲ್ಲಿ ಎಳೆದಿದ್ದ ಗೆರೆ ಇನ್ನೂ ಅಳಿಸಿರಲಿಲ್ಲ. ಹತ್ತು ವರ್ಷದ ನಂತರ, 1962ರಲ್ಲಿ, ಸುಪ್ರೀಂ ಕೋರ್ಟ್ ವಾದ ತಳ್ಳಿಹಾಕಿತು. ಸಿಕ್ಕಿದ್ದು 15,000 ರೂಪಾಯಿ.

ಆದರೆ 1964ರಲ್ಲಿ ಅದೇ ಕೋರ್ಟು ಹಿಂದೆ ಸರಿಯಿತು. 1947ರಲ್ಲಿ ಮೀರತ್ ಪೊಲೀಸರು ವ್ಯಾಪಾರಿಯೊಬ್ಬನಿಂದ ವಶಪಡಿಸಿಕೊಂಡಿದ್ದ ನೂರು ತೊಲಕ್ಕೂ ಮಿಕ್ಕಿದ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ಲೇ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಮುಟ್ಟುಗೋಲು ಹಾಕೋದು ಪೊಲೀಸ್ ಅಧಿಕಾರ, ಸರ್ಕಾರ ಕೊಡಬೇಕಾಗಿಲ್ಲ ಅಂದಿತು ಕೋರ್ಟು. ಕಲೆಕ್ಟರ್ ಜೀಪಿಗೆ ಒಂದು ನ್ಯಾಯ, ಪೊಲೀಸ್ ಖಾಕಿಗೆ ಇನ್ನೊಂದು. ಪೊಲೀಸ್ ಜೀಪಾದರೆ? ಈ ಗೋಜಲು ಸಾಕಷ್ಟು ಸಡಿಲವಾಗಿದ್ದು 1994ರ ನಾಗೇಂದ್ರ ರಾವ್ ತೀರ್ಪಿನ ನಂತರ.

ಈಗ ದುಡ್ಡಿನ ಪ್ರಶ್ನೆ ಅಷ್ಟು ಕಷ್ಟವಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಸರ್ಕಾರದ ಸ್ವಂತ ಗಾಡಿಗಳಿಗೆ ಕಡ್ಡಾಯ ವಿಮೆಯಿಂದ ವಿನಾಯ್ತಿ ಕೊಟ್ಟಿದ್ದರೂ, ನಮ್ಮ ರಾಜ್ಯದಲ್ಲಿ ಕೆಜಿಐಡಿ ಸರ್ಕಾರಿ ವಾಹನಗಳಿಗೆ ವಿಮೆ ಮಾಡುತ್ತೆ. ಕಷ್ಟ ಇರೋದು ತನಿಖೆಯಲ್ಲಿ. ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ಪೊಲೀಸ್ ಜೀಪು ಸೈಕಲ್ಲಿನವನಿಗೆ ಗುದ್ದಿತು ಅಂದ್ಕೊಳ್ಳಿ. ದೂರು ಕೊಡೋಕೆ ಮನೆಯವರು ಹೋಗೋದು ಎಲ್ಲಿಗೆ? ಬಹುಶಃ ಆ ಜೀಪು ನಿಲ್ಲುವ ಠಾಣೆಗೇ. ಮಹಜರು ಬರೆಯೋರು, ಸಾಕ್ಷಿ ಹುಡುಕೋರು ಡ್ರೈವರ್‌ನ ಜತೆ ದಿನಾ ಟೀ ಕುಡಿಯೋರು. ಅವರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಆದರೆ ಇಂಥ ಪಂಚಾಯ್ತಿಯನ್ನು ನಾವು ಬೇರೆಲ್ಲೂ ಒಪ್ಪುವುದಿಲ್ಲ.

ಬ್ರೇಕು, ಸ್ಟಿಯರಿಂಗ್, ಟೈರ್ ನೋಡಿ ವರದಿ ಕೊಡುವ ಮೋಟಾರು ವಾಹನ ನಿರೀಕ್ಷಕರು ಮಾತ್ರ ಆರ್‌ಟಿಒದವರು, ಠಾಣೆಯವರಲ್ಲ. ಗಾಡಿ ಯಾವುದು, ಓಡಿಸಿದ್ದು ಯಾರು ಅನ್ನೋ ವಿವರವನ್ನು ಪರಿಹಾರ ಕೇಳುವವರಿಗೆ ಠಾಣೆ ಕೊಡಲೇಬೇಕು ಅಂತ ಅದೇ ಕಾಯ್ದೆಯ 160ನೇ ಕಲಂ ಹೇಳುತ್ತೆ. ಅದರಲ್ಲಿ ಪೊಲೀಸ್ ಗಾಡಿಗೆ ಬೇರೆ ನಿಯಮವೇನೂ ಬರೆದಿಲ್ಲ.